ಪದ ಪದಕ್ಕೂ ನಿಲ್ಲಿ

ಮೂರನೇ ಮಾಳಿಗೆಗೆ ಆ ಪೆಟ್ಟಿಗೆ ಬಂದದ್ದು
ಲಿಫ್ಟು ಕೆಟ್ಟ ದಿನ, ಮೇ ತಿಂಗಳು, ತೊಂಬತ್ತೆಂಟು.
ಹಮಾಲಿ ಇಳಿಸಿ, ಬೆವರೊರೆಸಿಕೊಂಡು ಕೇಳಿದ:
ಬಾಯಿ, ಇದರಲ್ಲೇನಿದೆ?
ಕಿವಿ, ಅಂದೆ.

ಮೂವತ್ತೊಂದು ವರ್ಷ ಪಂಥಕಿ ಸಾಹೇಬರಿಗೆ ನಾನೇ ಕಿವಿ.
ಅವರು ಹಾರ್ನಿಮನ್ ಸರ್ಕಲ್ಲಿನ ಮರಗಳಿಗೆ ಮುಖ ಮಾಡಿ
ಹೇಳುತ್ತ ಹೋದರೆ ನನ್ನ ಪೆನ್ಸಿಲು ಹಿಂದೆಯೇ:
ಗೀಟು, ಕೊಂಡಿ, ಚುಕ್ಕೆ,
ಕೆಮ್ಮಿದರೆ ಅಲ್ಪವಿರಾಮ.
ಹೋಳಿಯ ಮರುದಿನ ಲಕ್ವ ಹೊಡೆದು
ನಾಲಿಗೆಯ ಒಂದು ಮಗ್ಗುಲು ಮಲಗಿಬಿಟ್ಟಿತು.
ಅಣ್ಣನ ಮಗ ನೆವಿಲ್ ಲ್ಯಾಮಿಂಗ್ಟನ್ ರೋಡಿನಿಂದ
ಇದನ್ನು ತಂದ. ವಾರಿಜಾ ಆಂಟಿ,
ಇನ್ನು ನಿಮ್ಮ ಬೆರಳಿಗೆ ರಜೆ.

ಮೊದಲು ಅದು ಕೇಳಿತು:
ಅಮೆರಿಕದ ಇಂಗ್ಲಿಷೋ, ಬ್ರಿಟನ್ನಿನದೋ?
ಮೂಲ್ಕಿಯದ್ದಕ್ಕೆ ಜಾಗವಿರಲಿಲ್ಲ. ಬ್ರಿಟನ್ ಒತ್ತಿದೆವು.
ಆಮೇಲೆ ಪಾಠ. ಅದು ಕೊಟ್ಟದ್ದನ್ನೇ ಅರ್ಧ ಗಂಟೆ ಓದಬೇಕು,
ಪದ. ಪದಕ್ಕೂ. ನಿಲ್ಲಬೇಕು.
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.
ಸಾಹೇಬರು ಓದಿದರು. ದಯವಿಟ್ಟು ಮತ್ತೊಮ್ಮೆ, ಅಂದಿತು.
ಮತ್ತೊಮ್ಮೆ. ಮತ್ತೊಮ್ಮೆ.
ಏಳನೇ ಸಲಕ್ಕೆ ಅವರು ಗುಜರಾತಿಯಲ್ಲಿ
ಅದರ ಅಮ್ಮನವರೆಗೂ ಹೋದರು.
ಅದು ಯೋಚಿಸಿ, ಸಾವಕಾಶ ಬರೆಯಿತು:
ಮೈ ಡಿಯರ್ ಸರ್.

ಹಾಗಾಗಿ ನಾನೇ ಓದಿದೆ. ನನ್ನ ದನಿ ಕಲಿಯಿತು,
ಕಲಿಯಿತು ಅನ್ನಬಹುದಾದರೆ.
ಪ್ಲೇಂಟಿಫ್ ಅಂದರೆ ಪ್ಲೆಂಟಿ ಆಫ್ ಫಿಶ್
(ಮೊಗವೀರರ ಮಗಳೆಂದು ಯಾರು ಹೇಳಿದರೋ ಅದಕ್ಕೆ!)
ಡಿಸೀಸ್ಡ್ ಅಂದರೆ ಡಿಸೀಸ್:
ಉಯಿಲು ಬರೆದಿಟ್ಟು ನೆಮ್ಮದಿಯಾಗಿ ಹೋದವರನ್ನು
ಎಳೆತಂದು ಮತ್ತೆ ಕಾಯಿಲೆ ಹಾಸಿಗೆಗೆ ಹಾಕಿತು.
ಫ್ಯಾನು ತಿರುಗಿದರೆ ದ ದ ದ ದ.
ಕೆಳಗೆ ಬೆಸ್ಟ್ ಬಸ್ಸು ಬ್ರೇಕು ಒತ್ತಿದರೆ, ಯೆಸ್.
ಕಿಟಕಿಯ ಪಾರಿವಾಳ ಗುಟುರಿದರೆ
ಯಾರು, ಯಾರು ಎಂದು ಇಂಗ್ಲಿಷಿನಲ್ಲಿ.
ಫ್ಯಾನು ಆರಿಸಿ, ಕಿಟಕಿ ಮುಚ್ಚಿ,
ಸೆರಗು ತೋಯುವ ತನಕ ಓದಿದೆ.

ಒಂದು ಮಧ್ಯಾಹ್ನ, ನೆವಿಲ್ ಊಟಕ್ಕೆ ಹೋಗಿದ್ದಾಗ,
ಕೆಳಗೆ ಸಹಿ ಮಾಡಿರುವ ನಾನು ಎಂಬಲ್ಲಿಂದ
ಪೂರ್ಣವಿರಾಮದ ತನಕ ಒಂದೂ ತಪ್ಪಿಲ್ಲದೆ ಬಂತು.
ಕೂದಲು ನೆಟ್ಟಗಾಯಿತು.
ಮಗು ಗೋಡೆ ಬಿಟ್ಟು ಮೊದಲ ಸಲ ನಿಂತಾಗ
ಮನೆಯಲ್ಲಿ ಬೇರೆ ಯಾರೂ ಇಲ್ಲದ ಹಾಗೆ.

ಅಂದಿನಿಂದ ಅವರ ತೊದಲು ನನಗೆ, ನನ್ನ ಮಾತು ಅದಕ್ಕೆ.
ಬೆರಳಿಗೆ ರಜೆ ಹೌದು; ಗಂಟಲಿಗೆ ಓವರ್‌ಟೈಮು.
ಡೊಂಬಿವಲಿ ಫಾಸ್ಟಿನಲ್ಲೂ ಅದೇ ಚಾಳಿ:
ಥೋಡಾ. ಸರ್ಕಾ. ತಾಯಿ.
ಸರಿದ ಹೆಂಗಸು ನನ್ನನ್ನು ಕನಿಕರದಿಂದ ನೋಡಿದಳು.

ಜೂನಿನಲ್ಲಿ ನೆಗಡಿಯಾಗಿ ಮೂಗು ಕಟ್ಟಿತು.
ದಯವಿಟ್ಟು ಮತ್ತೊಮ್ಮೆ, ಅಂದಿತು,
ತಿಂಗಳಿಡೀ ಬಾಯಿಗೆ ಬಾಯಿ ಕೊಟ್ಟವಳಿಗೆ!
ಸಾಹೇಬರು ಅರ್ಧ ಬಾಯಲ್ಲಿ ಏನೋ ಅಂದರು.
ವಾಟ್? ಅಂದ ನೆವಿಲ್.
ನಾನು ಮಾತಾಡದೆ ಶುಂಠಿ ಚಹಾಕ್ಕೆ ಹೇಳಿ ಕಳಿಸಿದೆ,
ಒಂದು. ನನಗೆ ಮಾತ್ರ. ಅವರು ಅಂದದ್ದು ಅಷ್ಟೇ.

ನೆಗಡಿ ಹೋದ ಮೇಲೆ ಒಂದು ಸಂಜೆ ಎಲ್ಲರೂ ಹೊರಟ ಹೊತ್ತು,
ಮೈಕು ತುಟಿಗೆ ತಂದು ತುಳುವಿನಲ್ಲಿ ಅಂದೆ:
ಎನ್ನ. ಪುದರ್. ವಾರಿಜ.
ಎನಿ ಪುಡಿಂಗ್ ವರಿ ಜಾರ್, ಎಂದು ಬರೆದು
ಗೆರೆ ಮಿಣುಕಿಸುತ್ತ ಕಾದಿತು,
ಇನ್ನೂ ಹೇಳು ಎಂಬಂತೆ.

ಅಳಿಸಲಿಲ್ಲ. ಫ್ಲಾಪಿಗೆ ಇಳಿಸಿ ಪರ್ಸಿನಲ್ಲಿಟ್ಟೆ.
ಮುಂದೆ ದೊಡ್ಡದಾಗಿ, ಎಲ್ಲರ ಮಾತೂ ಬಂದು,
ಇದು ಜಂಬ ಮಾಡುವ ಕಾಲಕ್ಕೆ
ತೋರಿಸಬೇಕು:
ನೋಡು, ಚಿಕ್ಕಂದಿನಲ್ಲಿ
ನೀನು ನನ್ನನ್ನು ಹೀಗೆ ಕರೆಯುತ್ತಿದ್ದೆ.