ನಾಲ್ಕು ಕೊಡ ನೀರು

ಎರಡು ದೋಣಿ ಮೇಲೆ ಕಾಲಿಡಬಾರದು ಅಂತಾರೆ.
ನಾನು ಇಟ್ಟು ನೋಡಿದ್ದೇನೆ, ಕುಣಿಗಲ್ಲಿನ ಬೈಪಾಸಿನಾಚೆ
ಪಂಕ್ಚರ್ ಶೆಡ್ಡಿನ ಹಿಂದೆ, ಒಣನೆಲದಲ್ಲಿ,
ಎಡಗಾಲು ನೀಲಿಯದರಲ್ಲಿ, ಬಲಗಾಲು ಬಿಳಿಯದರಲ್ಲಿ.
ಏನೂ ಆಗಲಿಲ್ಲ. ನೆರಳಿನ ಕೋಳಿಯೊಂದು ಎದ್ದು ಹೋಯಿತು.

ನೀಲಿ ಬಂದದ್ದು ಯಾವುದೋ ರೆಸಾರ್ಟಿನಿಂದ.
ಸೀಟು ಕಿತ್ತ ಗುರುತು, ಹಿಡಿದುಕೊಳ್ಳಲು ಸ್ಟೀಲ್ ಕಂಬಿ,
ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು.
ಬಿಳಿ ಬಂದದ್ದು ಮಲ್ಪೆ ಕಡೆಯಿಂದ, ಲಾರಿಯಲ್ಲಿ.
ಉಪ್ಪು ತಿಂದ ಬೋಲ್ಟು, ಮೂರು ತೇಪೆ,
ಮೂಗಿನ ಹತ್ತಿರ ಅರ್ಧ ಅಳಿಸಿದ ಹೆಸರು: ಪ್ರಸಾದ.
ಯಾರ ಪ್ರಸಾದವೋ ಉಳಿದಿರಲಿಲ್ಲ.

ನರಸೇಗೌಡರು ಗೆಣ್ಣಿನಿಂದ ಬಡಿದು ತೋರಿಸಿದರು:
ಕೇಳಿ, ಹೆಂಗೆ ಟಣ್ ಅನ್ನುತ್ತೆ.
ನನಗೆ ಎರಡೂ ಒಂದೇ.
ಹಲಸು ಬಡಿದು ಹೇಳಬಲ್ಲೆ, ಫೈಬರು ತಿಳಿಯದು.
ಇಪ್ಪತ್ತಾರು ವರ್ಷ ಹರಿಗೋಲು.
ಅದಕ್ಕೆ ಮುಂದಿಲ್ಲ, ಹಿಂದಿಲ್ಲ,
ವರ್ಷಕ್ಕೊಮ್ಮೆ ಟಾರು ಬಳಿದರೆ ಸುಮ್ಮನಿರುತ್ತದೆ.

ಪುಟ್ಟಗಂಗಿ ಬಾಯಿ ಬಿಡಲಿಲ್ಲ.
ಬಲೆ ಬಿಡುವವನು ನಾನು, ಹುಟ್ಟು ಹಾಕುವವಳು ಅವಳು.
ಸೆರಗು ಸಿಕ್ಕಿಸಿ ನೀಲಿಯಲ್ಲಿ ಕೂತಳು,
ಬರಿಗಾಳಿಗೆ ನಾಲ್ಕು ಹುಟ್ಟು ಹಾಕಿದಳು,
ಆಮೇಲೆ ಬಿಳಿಯಲ್ಲಿ.
ಪಂಕ್ಚರ್ ಹುಡುಗರು ನಕ್ಕರು.
"ಕ್ರೇಟು ಎಲ್ಲಿ ಇಡೋದು?" ಯಾರನ್ನೂ ಕೇಳಿದ್ದಲ್ಲ.

ಇಳಿದು ಹೋಗಿ, ಟ್ಯೂಬು ಮುಳುಗಿಸುವ ತೊಟ್ಟಿಯಿಂದ
ಕೊಡದಲ್ಲಿ ನೀರು ಮೊಗೆದು ತಂದಳು.
ನೀಲಿಗೆ ಎರಡು ಕೊಡ, ಬಿಳಿಗೆ ಎರಡು.
"ದೋಣೀನ ನೀರಿಗೆ ಬಿಡ್ತಾರಮ್ಮ,
ನೀರನ್ನ ದೋಣಿಗೆ ಬಿಡ್ತಾರಾ?" ಗೌಡರೆಂದರು.
"ಕೆರೆ ಇಲ್ಲಿಗೆ ಬರಲ್ವಲ್ಲ," ಅಂದವಳೇ
ನೀರು ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದಳು.

ಟೀ ಬಂತು. ಇನ್ನೊಂದು ಟೀಯೂ ಬಂತು.
ಹಳೇ ಟೈರುಗಳ ಮೇಲೆ ಕೂತ ಬಿಳಿಯ ಹೊಟ್ಟೆಯಡಿ,
ಮೂರನೇ ತೇಪೆಯ ಅಂಚಲ್ಲಿ,
ಒಂದು ಹನಿ. ಇಪ್ಪತ್ತೆಣಿಸಿದ ಮೇಲೆ ಇನ್ನೊಂದು.
ನೀಲಿಯಡಿ ಧೂಳು ಧೂಳಾಗೇ ಇತ್ತು.
ಗೌಡರ ಮುಖ ಅರಳಿತು, ನನ್ನದೂ.
ಚಡ್ಡಿ ಜೇಬಿನ ದುಡ್ಡಿಗೆ ಕೈ ಹಾಕಿದೆ.

ಅವಳು ನೀಲಿಯೊಳಗೆ ಬಗ್ಗಿ ನೋಡುತ್ತಲೇ ಇದ್ದಳು.
ನೀರು ಗೆರೆಯಿಂದ ಒಂದು ಬೆರಳು ಕೆಳಗೆ.
"ಕುಡ್ದೈತೆ," ಅಂದಳು. "ಎಲ್ಲಿ ಇಟ್ಕಂಡೈತೆ ಹೇಳ್ತಿಲ್ಲ."
ಬಿಸಿಲು ಎಳೀತು ಅಂದರು ಗೌಡರು.
ಬಿಳಿಗೂ ಅದೇ ಬಿಸಿಲು.

ಸಾವಿರದೈನೂರು ಇಳಿಸಿ ಸೋರುವುದನ್ನೇ ತಂದೆವು,
ಟೆಂಪೋದಲ್ಲಿ ಬೋರಲು ಹಾಕಿ, ಹಗ್ಗ ಬಿಗಿದು.
ದೊಡ್ಡಕೆರೆ ಏರಿ ಮೇಲೆ ಬರುವಷ್ಟೂ ಹೊತ್ತು
ಅವಳ ಹೆಬ್ಬೆರಳು ಮೂರನೇ ತೇಪೆ ಮೇಲೇ ಇತ್ತು.

ಮೊದಲ ದಿನ, ಹರಿಗೋಲಿನ ರೂಢಿಗೆ,
ಒಂದೇ ಕಡೆ ಹುಟ್ಟು ಹಾಕಿದಳು.
ದೋಣಿ ಮೂಗು ತಿರುವಿಕೊಂಡು ಹೋಗಿ ಜೊಂಡಿಗೆ ನುಗ್ಗಿತು.
"ಇದಕ್ಕೆ ಮುಂದು ಅಂತ ಒಂದೈತೆ ಕಣೇ," ಅಂದೆ.
"ಇರ್ಲಿ," ಅಂದಳು,
"ನೀನು ಮೊದ್ಲು ನೀರು ಮೊಗಿ."