ಇಂಚಿಗೆ ಎಷ್ಟು ಹೊಲಿಗೆ

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಮುಜಮ್ಮಿಲ್
ಬ್ಯಾಗುಗಳನ್ನೆಲ್ಲ ಇಳಿಸಿ ಗುಡ್ಡೆ ಹಾಕಿದ.
ಒಂದೊಂದರ ಹೊಟ್ಟೆಗೂ ಹಳೇ ಪೇಪರು ತುರುಕಿದೆ,
ಮದುವೆಮನೆಯಲ್ಲಿ ಉಂಡವರ ಹಾಗೆ ಕೂತಿವೆ.
"ವಾಟರ್‌ಪ್ರೂಫ್ ಅಕ್ಕ, ಕಣ್ಣು ಮುಚ್ಚಿ ತಗೊಳ್ಳಿ."

ಮುಚ್ಚಲಿಲ್ಲ. ಒಳಮಗ್ಗುಲು ತಿರುವಿದೆ.
ಹತ್ತೊಂಬತ್ತು ವರ್ಷ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ
ಚೆಕಿಂಗ್ ಟೇಬಲ್ಲಿಗೆ ನಿಂತವಳು,
ಶರ್ಟಿನ ಮುಖ ನೋಡಿ ಯಾವತ್ತೂ ಪಾಸು ಮಾಡಿದವಳಲ್ಲ.

ಇದಕ್ಕೆ ಇಂಚಿಗೆ ಐದೇ ಹೊಲಿಗೆ,
ನೆಲಮಂಗಲ ದಾಟುವುದರೊಳಗೆ ಬಾಯಿ ಬಿಡುತ್ತೆ.
ಇದರ ಜಿಪ್ಪು ಬಲು ನಯ, ಹಲ್ಲಿಗೆ ಹಿಡಿತವಿಲ್ಲ.
ಇದಕ್ಕೊಂದು ಬೀಗ; ಬ್ಲೇಡಿಗೆ ಸಿಕ್ಕರೆ ಬೀಗ ಮಾತ್ರ ಉಳಿಯುತ್ತೆ.
ಅಲ್ಯುಮಿನಿಯಂ ಪೆಟ್ಟಿಗೆ ತಟ್ಟಿದೆ. ಒಳ್ಳೆ ಸದ್ದು,
ನಮ್ಮ ಕ್ಯಾಂಟೀನಿನ ಸಾಂಬಾರು ಡಬ್ಬರಿಯದೇ ಸದ್ದು.
ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟೆ.

ಲಗೇಜು ನನಗೆ ಗೊತ್ತಿಲ್ಲದ್ದೇನಲ್ಲ.
ಹಿಂದಿನ ಸೀಟಿನಲ್ಲಿ ಕೂತು ಊರೂರು ಸುತ್ತಿದ್ದೇನೆ.
ಇವರ ಬೆನ್ನಿಗೂ ನನ್ನ ಎದೆಗೂ ನಡುವೆ ಏರ್‌ಬ್ಯಾಗು,
ತೊಡೆಯ ಮೇಲೆ ಸ್ಟೌ, ಹೆಗಲಿಗೆ ನೀರು.
ಶಿರಾ ಹತ್ತಿರ ಸೈಲೆನ್ಸರಿಗೆ ತಗುಲಿ ರಗ್ಗು ಕರಕಲಾದಾಗ
ಮೊದಲು ವಾಸನೆ ಬಂದದ್ದು ನನ್ನ ಮೂಗಿಗೆ.
ಓಡಿಸಿದವರಿಗೆ ದಾರಿ ನೆನಪಿದೆ,
ನನಗೆ ತೂಕ.

ಈಗ ಈ ಚೌರಪ್ಪನವರ ಸೊಂಟದಲ್ಲಿ ಎರಡು ಬಿಲ್ಲೆ ಜಾರಿವೆ.
ಹ್ಯಾಂಡಲ್ ಮುಟ್ಟಕೂಡದು ಅಂದರು ಡಾಕ್ಟರು.
ಆಮೇಲೆ ಪ್ರತಿ ಭಾನುವಾರ ಬಲಿಪೂಜೆ ಮುಗಿಸಿ ಬಂದು
ಗಾಡಿಯ ಹೊದಿಕೆ ತೆಗೆಯುವುದು, ಒರೆಸುವುದು, ಮತ್ತೆ ಹೊದಿಸುವುದು.
ನಾನು ಲೈಸೆನ್ಸಿಗೆ ಎಂಟು ಹಾಕಿದ್ದು ಹೇಳಿರಲಿಲ್ಲ.
ಅಂಚೆಯಲ್ಲಿ ಕಾರ್ಡು ಬಂತು, ಇವರೇ ಒಡೆದು ನೋಡಿದರು:
"ಫೋಟೋದಲ್ಲಿ ಕಳ್ಳಿ ಹಾಗಿದೀಯ."
ಅಷ್ಟೇ. ಮೂರು ವಾರ ಅಷ್ಟೇ.

ಇವತ್ತು ಬೆಳಿಗ್ಗೆ ಕಾಫಿ ಲೋಟದೊಳಗೆ ನೋಡುತ್ತ,
"ಬೀದರು ನೋಡಿಲ್ಲ ನಾವು. ನೀನೇ ಓಡಿಸು,
ಬ್ಯಾಗು ನಾನು ಹಿಂದೆ ಹಿಡ್ಕೊಂಡು ಕೂತ್ಕೋತೀನಿ."

ಹಿಡಿದುಕೊಳ್ಳುವುದು ಬೇಡ.
ಇನ್ನು ಈ ಗಾಡಿಯ ಮೇಲೆ ಯಾರೂ ಏನೂ ಹಿಡಿದುಕೊಳ್ಳುವುದು ಬೇಡ.

"ಸಾರ್ ಯಾವ ಗಾಡಿ ಓಡಿಸ್ತಾರೆ ಅಕ್ಕ?"
"ಸಾರ್ ಒರಗಿಕೊಳ್ತಾರೆ. ಅದಕ್ಕೇನಿದೆ ತೋರಿಸು."

ಹುಡುಗ ಒಂದು ಗಳಿಗೆ ನನ್ನನ್ನೇ ನೋಡಿದ,
ಅಟ್ಟ ಹತ್ತಿ ಧೂಳು ಹಿಡಿದ ಟಾಪ್ ಬಾಕ್ಸು ಇಳಿಸಿದ.
ಮುಂದಕ್ಕೆ ಕಪ್ಪು ದಿಂಬು, ಗಟ್ಟಿ, ಒಂದು ಮೂಲೆ ಇಲಿ ಕಡಿದದ್ದು.
ಅದಕ್ಕೇ ಇನ್ನೂರು ಬಿಟ್ಟ.
ಬಾಗಿಲಲ್ಲಿದ್ದ ಅವನ ಗಾಡಿಗೇ ಕಟ್ಟಿಸಿ
ಹಿಂದಿನ ಸೀಟಿನಲ್ಲಿ ಕೂತು ಒರಗಿ ನೋಡಿದೆ.
ಮುಂದೆ ಯಾರೂ ಇಲ್ಲ. ಟೌನ್‌ಹಾಲಿನವರೆಗೂ ಬಸ್ಸು, ಹೊಗೆ, ಹಾರ್ನು.
ದಿಂಬು ಸೊಂಟಕ್ಕೆ ಸರಿಯಾಗಿ ಬಂತು;
ಇವರು ಒಂದು ಗೇಣು ಎತ್ತರ, ಎರಡು ವಾಷರು ಹಾಕಿಸಬೇಕು.

ಎಡಬಲಕ್ಕೆ ಎರಡು ಚೀಲ, ಬಲದ್ದಕ್ಕೆ ಸೈಲೆನ್ಸರ್ ತಗಡು.
ಬಟ್ಟೆ ಪರವಾಗಿಲ್ಲ. ಪಟ್ಟಿಯ ಹೊಲಿಗೆ ಮಾತ್ರ ಸಡಿಲ.
ಇರಲಿ. ರಾತ್ರಿ ಕೂತು
ಅದರ ಮೇಲೊಂದು ಸಾಲು ನಾನೇ ಓಡಿಸುತ್ತೇನೆ.