ಫೋಮು ಬೇಡ

ಸಿದ್ದಯ್ಯ ರಸ್ತೆಯ ಮೂರನೇ ಅಂಗಡಿಯಲ್ಲಿ
ಇಸ್ತ್ರಿ ಅಂಗಿಯ ಹುಡುಗ
ಹಲಗೆಯ ತುಂಡುಗಳನ್ನು ಇಸ್ಪೀಟಿನ ಹಾಗೆ ಹರಡುತ್ತಾನೆ:
"ಇದು ಓಕ್, ಇದು ವಾಲ್‌ನಟ್ ಮೇಡಂ, ಇದು ಬಿದಿರು,
ಇದು ಮರವೇ ಅಲ್ಲ, ಆದರೆ ಯಾರಿಗೂ ಗೊತ್ತಾಗಲ್ಲ."
ಚದರಡಿಗೆ ನೂರಿಪ್ಪತ್ತರಿಂದ ಶುರು.
ಕೆಳಗೆ ಹಾಸುವ ಫೋಮಿನ ಮೇಲೆ ಅವನಿಗೆ ಬಲು ಅಭಿಮಾನ:
"ಎಷ್ಟು ನಡೆದರೂ ಒಂಚೂರು ಸದ್ದಿರಲ್ಲ."

ನೇಸರ ನನ್ನ ಮುಖ ನೋಡುತ್ತಾಳೆ: ಏನಂತೆ?
ಬೆರಳಲ್ಲಿ ಹೇಳುತ್ತೇನೆ.
ಅಂಗಡಿ ತುಂಬ ನಗುತ್ತಾಳೆ,
ಎಷ್ಟು ದೊಡ್ಡದೆಂದು ತನಗೇ ಗೊತ್ತಿಲ್ಲದ ನಗು.

ಹನ್ನೊಂದು ವರ್ಷದಿಂದ ನಮ್ಮ ಮನೆಯ ನೆಲ
ಬಿಳಿ ವಿಟ್ರಿಫೈಡ್, ತಣ್ಣಗೆ, ನುಣ್ಣಗೆ,
ಇಲ್ಲಿಂದ ಅಲ್ಲಿಗೆ ಏನನ್ನೂ ದಾಟಿಸದ ನೆಲ.
ಹಿಂದಿನಿಂದ ಹೋಗಿ ಹೆಗಲು ಮುಟ್ಟಿದರೆ
ಬೆಚ್ಚಿಬೀಳುತ್ತಾಳೆ, ಪೆನ್ಸಿಲು ಚಿತ್ರದ ಮೇಲೆ ಗೀರಿಹೋಗುತ್ತದೆ.
ಅದಕ್ಕೇ ಬಾಗಿಲಲ್ಲಿ ನಿಂತು
ದೀಪ ಆರಿಸಿ ಹತ್ತಿಸುತ್ತೇನೆ.
ಕರೆಂಟು ಹೋದ ಸಂಜೆ ಅದೂ ಇಲ್ಲ.

ಶಾಲೆಯ ಹಳೇ ವೇದಿಕೆ ಮರದ್ದು,
ಹಿಂದೆ ಯಾರು ಬಂದರೂ ಕಾಲಿಗೆ ಗೊತ್ತಾಗುತ್ತೆ,
ಅಂದಳು ಒಂದು ದಿನ, ಊಟದ ನಡುವೆ,
ಉಪ್ಪಿನಕಾಯಿ ಬೆರಳಲ್ಲೇ.
ಆ ರಾತ್ರಿ ಚೀಟಿ ದುಡ್ಡಿನ ಲೆಕ್ಕ ಹಾಕಿದೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ
ಮೌನೇಶ ಬಡಿಗೇರ. ಹೆಸರಿಗಷ್ಟೇ ಮೌನ.
ಸುರಪುರದ ಕಡೆಯವರು,
ತುಟಿಯ ನಡುವೆ ಮೊಳೆ ಕಚ್ಚಿದ್ದರೂ ಮಾತು ನಿಲ್ಲದು:
"ಬೀಟಿ ಮಾತು ಬಿಡ್ರಿ ಅಕ್ಕಾರ. ಸಾಗವಾನಿ ತುಟ್ಟಿ.
ಮತ್ತಿ ಗಟ್ಟಿ ಐತಿ, ಆದರ ಸೀಳತದ.
ಹೊನ್ನಿ ನೋಡ್ರಿ, ಹೊನ್ನಿ."
ಗೆಣ್ಣಿನಿಂದ ಕುಟ್ಟಿ ಕುಟ್ಟಿ ಕಿವಿಗೊಡುತ್ತಾರೆ,
ತೆಂಗಿನಕಾಯಿ ಆರಿಸುವ ಹಾಗೆ.

ಆಮೇಲೆ ಅವಳತ್ತ ನೋಡಿ, ಸುಮ್ಮನಾಗಿ,
ಎರಡು ದಿಮ್ಮಿಗಳ ಮೇಲೆ ಒಂದೊಂದೇ ಹಲಗೆ ಇಟ್ಟರು.
ಚಪ್ಪಲಿ ಬಿಟ್ಟು ಹತ್ತಿದಳು, ಗೋಡೆಗೆ ಮುಖ ಮಾಡಿ,
ಗರಗಸದ ಹೊಟ್ಟು ಬೆರಳ ಸಂದಿಯಲ್ಲಿ.
ಈ ತುದಿಯಲ್ಲಿ ನಾನು ಹಿಮ್ಮಡಿ ಊರಿದೆ.
ಮತ್ತಿ: ತಲೆಯಾಡಿಸಿದಳು, ಇಲ್ಲ.
ಸಾಗುವಾನಿ: ಪರವಾಗಿಲ್ಲ, ಎಂದಿತು ಅಂಗೈ.
ಹೊನ್ನೆಗೆ ಕಾಲ ಬೆರಳುಗಳೆಲ್ಲ ಒಮ್ಮೆಗೇ ಎದ್ದವು,
ನಿದ್ದೆಯಲ್ಲಿ ಬೆಕ್ಕಿನ ಕಿವಿ ನಿಮಿರುವಂತೆ.
ನನ್ನ ಬದಲು ಬಡಿಗೇರರು ಹತ್ತಿದರು.
ತಿರುಗದೆಯೇ ಹೇಳಿದಳು: ಇದು ಅಮ್ಮ ಅಲ್ಲ.

"ಕೆಳಗ ಪೊಳ್ಳು ಬಿಡಬೇಕ್ರಿ, ರೀಪು ಬಡದು ಕೂಡಿಸಬೇಕು.
ಸಿಮೆಂಟಿಗಿ ಅಂಟಿಸಿದರ ಮರ ಮೂಕ ಆಗತ..."
ನಾಲಿಗೆ ಕಚ್ಚಿಕೊಂಡರು.
ನಾನು ಗೆದ್ದಲಿನ ವಿಷಯ ಕೇಳಿದೆ.

ಕೆಳಮನೆಯವರ ಜಗಳವಿಲ್ಲ. ನಮ್ಮ ಕೆಳಗಿರುವುದು
ನಾಲ್ಕು ಕಾರು, ಸ್ಟಾರ್ಟ್ ಆಗದ ಒಂದು ಸ್ಕೂಟರು.
ಆದರೆ ದುಡ್ಡು ಇಡೀ ಮನೆಗೆ ಸಾಲದು.
ಟೇಪು ಹಿಡಿದು, ಕಳೆದು, ಹಾಲ್ ಬಿಟ್ಟು, ನನ್ನ ಕೋಣೆ ಬಿಟ್ಟು,
ಕೊನೆಗೆ ಉಳಿದದ್ದು ಮೂರಡಿ ಅಗಲದ ದಾರಿ,
ಹೊಸ್ತಿಲಿನಿಂದ ಅವಳ ಮೇಜಿನವರೆಗೆ.
ನೆಲಕ್ಕಿಂತ ಎರಡಿಂಚು ಎತ್ತರ.
ಬಂದವರು ಎಡವುತ್ತಾರೆ,
ಕೆಲಸ ಅರ್ಧಕ್ಕೇ ನಿಂತಿತಾ ಎನ್ನುತ್ತಾರೆ.
ಹೌದೆನ್ನುತ್ತೇನೆ.
ಬಟ್ಟೆ ಹಿಂಡಿಯೇ ಒರೆಸಬೇಕೆಂದು
ಕೆಂಪಮ್ಮನನ್ನು ಒಪ್ಪಿಸಲು ಒಂದು ತಿಂಗಳು.

ನಿನ್ನೆ ಬಸ್ಸು ಸಿಗದೆ ತಡವಾಯಿತು.
ಏನೋ ತೋಚಿ, ಬಾಗಿಲು ಮೆಲ್ಲಗೆ ತೆರೆದು
ಕಳ್ಳಿಯ ಹಾಗೆ ತುದಿಗಾಲಲ್ಲಿ ಹೊರಟೆ.
ಮೂರನೇ ಹಲಗೆ. ನಾಲ್ಕನೆಯದು.
ತಲೆಯೆತ್ತಲಿಲ್ಲ ಅವಳು,
ಪೆನ್ಸಿಲು ತನ್ನ ಗೆರೆಯನ್ನು ಎಳೆಯುತ್ತಲೇ ಇತ್ತು.
ಎಡಗೈ ಮಾತ್ರ ಬೆನ್ನ ಹಿಂದೆ ಬಂದು ಕೇಳಿತು:
ಬ್ರೆಡ್ಡು ತಂದ್ಯಾ?

ಮರೆತಿದ್ದೆ.